ಗಿರಣಿಯಿಂದ ಆಕಾಶಕ್ಕೆ



ಹೋದ ವಾರ ನಿಮ್ಮಲ್ಲೇ ಒಬ್ಬರು ಕೇಳಿದಿರಿ: "ಟೀಚರಮ್ಮಾ, ಹಗಲೆಲ್ಲಾ ದುಡಿದು ಕೈ ಸೋತಿರುತ್ತೆ. ಈಗ ಅಕ್ಷರ ಕಲಿತು ನಾವೇನು ವಿಮಾನ ಹಾರಿಸಬೇಕಾ?" ಎಲ್ಲರೂ ನಕ್ಕೆವು. ಇವತ್ತು ಅದಕ್ಕೆ ಉತ್ತರ ತಂದಿದ್ದೇನೆ. ಹಗಲು ದುಡಿದು, ಸಂಜೆ ಓದಿ, ವಿಮಾನಕ್ಕಿಂತ ಎಷ್ಟೋ ಮೇಲೆ ಹೋದ ಹೆಂಗಸಿನ ಕಥೆ ಇದು. ಕಟ್ಟುಕಥೆ ಅಲ್ಲ, ನಡೆದದ್ದು.

ಅವರ ಹೆಸರು ವಲೆಂಟೀನಾ ತೆರೆಷ್ಕೋವಾ. 1937ರಲ್ಲಿ ರಷ್ಯಾ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಆಗ ವಲೆಂಟೀನಾ ಇನ್ನೂ ಕೂಸು. ತಾಯಿ ಬಟ್ಟೆ ಗಿರಣಿಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕಿದರು.

ದೊಡ್ಡವರಾದ ಮೇಲೆ ವಲೆಂಟೀನಾ ಕೂಡ ಕೆಲಸಕ್ಕೆ ಸೇರಿದರು. ಮೊದಲು ಟೈರ್ ಕಾರ್ಖಾನೆ, ಆಮೇಲೆ ಬಟ್ಟೆ ಗಿರಣಿ. ಆದರೆ ಓದು ಬಿಡಲಿಲ್ಲ. ಸಂಜೆ ಶಾಲೆಗೆ ಹೋದರು. ಅಂಚೆಯಲ್ಲಿ ಪಾಠ ತರಿಸಿಕೊಂಡು ಓದಿದರು. ಬಿಡುವಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರೋದನ್ನೂ ಕಲಿತರು. ಪ್ಯಾರಾಚೂಟ್ ಅಂದರೆ ಗಾಳಿಯಲ್ಲಿ ಕೊಡೆ ಹಾಗೆ ಬಿಚ್ಚಿಕೊಳ್ಳುವ ದೊಡ್ಡ ಬಟ್ಟೆ.

1962ರಲ್ಲಿ ಬಾಹ್ಯಾಕಾಶಕ್ಕೆ ಹೋಗಲು ಐವರು ಹೆಂಗಸರನ್ನು ಆರಿಸಿದರು. ಅವರಲ್ಲಿ ವಲೆಂಟೀನಾ ಒಬ್ಬರು. 1963ರ ಜೂನ್ 16ರಂದು ವೊಸ್ತೋಕ್-6 ಎಂಬ ನೌಕೆಯಲ್ಲಿ ಒಬ್ಬರೇ ಮೇಲೆ ಹೋದರು. ವಯಸ್ಸು 26. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ಅವರೇ. ಇದನ್ನು ಗುಟ್ಟಾಗಿ ಇಟ್ಟಿದ್ದರು. ಸುದ್ದಿ ಸಾರಿದ ಮೇಲೆಯೇ ಹೆತ್ತ ತಾಯಿಗೂ ಗೊತ್ತಾಯಿತು!

ಕಣದಲ್ಲಿ ಮೇಟಿಯ ಸುತ್ತ ಎತ್ತು ಸುತ್ತುತ್ತದಲ್ಲ, ಹಾಗೆ ನೌಕೆ ಭೂಮಿಯನ್ನು ಸುತ್ತಿತು. ಸುಮಾರು 71 ಗಂಟೆಯಲ್ಲಿ 48 ಸುತ್ತು.

ಮೇಲೆ ಹೋದಾಗ ಅವರಿಗೆ ಒಂದು ತಪ್ಪು ಕಂಡಿತು. ನೌಕೆಗೆ ಕೊಟ್ಟಿದ್ದ ಲೆಕ್ಕವೇ ತಪ್ಪಾಗಿತ್ತು. ಅದರಂತೆ ನಡೆದರೆ ಇಳಿಯುವ ಬದಲು ನೌಕೆ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಲೆಕ್ಕ ಬರೆದವರು ದೊಡ್ಡ ದೊಡ್ಡ ಇಂಜಿನಿಯರುಗಳು. "ನಾನು ಗಿರಣಿಯವಳು, ನನಗೇನು ಗೊತ್ತು" ಅಂತ ವಲೆಂಟೀನಾ ಸುಮ್ಮನಿರಲಿಲ್ಲ. ರೇಡಿಯೋದಲ್ಲಿ ಕೆಳಗಿನವರಿಗೆ ಹೇಳಿದರು. ಅವರು ಸರಿಯಾದ ಲೆಕ್ಕ ಕಳಿಸಿದರು. ಇದನ್ನು ಎಷ್ಟೋ ವರ್ಷದ ಮೇಲೆ ವಲೆಂಟೀನಾ ಅವರೇ ತಿಳಿಸಿದರು.

ಭೂಮಿಯಿಂದ ಏಳು ಕಿಲೋಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಬಂದು ಪ್ಯಾರಾಚೂಟಿನಲ್ಲಿ ಇಳಿದರು. ಬಿಡುವಿನಲ್ಲಿ ಕಲಿತ ವಿದ್ಯೆ ಆ ದಿನ ಕೈಹಿಡಿಯಿತು.

ತಾಯಂದಿರೆ, ನಾವು ಆಕಾಶಕ್ಕೆ ಹೋಗದಿರಬಹುದು. ಆದರೆ ಆರು ದಿನ ದುಡಿದಿದ್ದೀರಿ, ಪಟ್ಟಿಯಲ್ಲಿ ಐದು ದಿನ ಅಂತ ಬರೆದಿದ್ದಾರೆ ಅನ್ನಿ. ಓದಲು ಬಂದರೆ ತಪ್ಪು ಕಾಣುತ್ತದೆ. ಕಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಬರೆದವರು ಎಷ್ಟೇ ದೊಡ್ಡವರಿರಲಿ, ಹೇಳಬೇಕು.

ಅಕ್ಷರ ಕಲಿಯುವುದು ಅದಕ್ಕೇ. ಬನ್ನಿ, ಈಗ ಪುಸ್ತಕ ತೆಗೆಯೋಣ.