ಕಪಾಟು ಬಂತು, ರಿಜಿಸ್ಟರ್ ಬರಲಿಲ್ಲ

ಬೆಂಗಳೂರಿನ ಉಪ್ಪಾರಪೇಟೆಯಲ್ಲಿ ಮೆಟ್ಟಿಲು ಹತ್ತಿ ಯಾವುದಾದರೂ ಸಣ್ಣ ಆಫೀಸಿನ ಕಂಪ್ಯೂಟರ್ ನೋಡಿ. ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ಬಿಲ್ ಫೈನಲ್’, ‘ಬಿಲ್ ಫೈನಲ್ ಹೊಸದು’. ಹೋದ ಮಾರ್ಚಿನ ಬಿಲ್ಲು ಬೇಕೆಂದರೆ ಅದನ್ನು ಮಾಡಿದ ಹುಡುಗನನ್ನೇ ಕೇಳಬೇಕು. ಅವನು ಕೆಲಸ ಬಿಟ್ಟು ವರ್ಷವಾಗಿರುತ್ತದೆ. ಎಲ್ಲರೂ ಕಂಪ್ಯೂಟರನ್ನು ಬೈಯುತ್ತಾರೆ. ಕಾಗದದ ಕಾಲದಲ್ಲಿದ್ದ ಶಿಸ್ತನ್ನು ಕೈಬಿಟ್ಟವರು ನಾವೇ ಎನ್ನುವುದು ನನ್ನ ವಾದ.

ಕಾಗದಕ್ಕೂ ಹಿಂದೆ ಹೋಗೋಣ. 1810ರಲ್ಲಿ ಪ್ರಕಟವಾದ ಮೈಸೂರು ಇತಿಹಾಸದಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ನಮ್ಮ ಕಡತವನ್ನು ವರ್ಣಿಸಿದ್ದಾನೆ. ಒಂದಡಿಯೊಳಗಿನ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದಕ್ಕೆ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಪದರ ಪದರವಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದರು. ಪೇಟೆಯ ವರ್ತಕರ ಲೆಕ್ಕವೂ ಅದರಲ್ಲೇ. ಒರೆಸಿ ಮತ್ತೆ ಬರೆಯಬಹುದಿತ್ತು. ಆದರೆ ಒರೆಸಿದ್ದು ಒರೆಸಿದ್ದೇ, ರಿಸೈಕಲ್ ಬಿನ್ ಇರಲಿಲ್ಲ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡ ಮೇಲೆ ಸಂಸ್ಥಾನದ ಕಚೇರಿ ಬೆಂಗಳೂರಿಗೆ ಬಂದು, ಕೋಟೆಯೊಳಗಿನ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ಕೂತಿತು. ಅಲ್ಲಿಂದ 1868ರಲ್ಲಿ ಅಠಾರಾ ಕಚೇರಿಗೆ, ಮುಂದೆ ಎದುರಿನ ವಿಧಾನಸೌಧಕ್ಕೆ.

ಅಲ್ಲಿನ ಸರ್ಕಾರಿ ಫೈಲಿನ ನಂಬರನ್ನು ಎಂದಾದರೂ ಗಮನಿಸಿದ್ದೀರಾ? ಮೊದಲು ‘ಕಂಇ’ ಎಂದಿದ್ದರೆ ಕಂದಾಯ ಇಲಾಖೆ. ಆಮೇಲೆ ಕ್ರಮಸಂಖ್ಯೆ, ವಿಷಯದ ಮೂರಕ್ಷರದ ಸಂಕೇತ, ಕೊನೆಗೆ ಇಸವಿ. ಗುಮಾಸ್ತರು ಬದಲಾದರೂ ಆ ನಂಬರು ರಿಜಿಸ್ಟರಿನಲ್ಲಿ ಇರುತ್ತದೆ. ಕೆಲಸ ಮುಗಿದ ಫೈಲಿಗೆ ಆಯುಷ್ಯವನ್ನೂ ಬರೆಯುತ್ತಾರೆ: ‘ಎ’ ಎಂದರೆ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ಫೈಲು ಕಾಣೆಯಾಗುವುದು, ಮೇಜಿನ ಮೇಲೆ ಕೊಳೆಯುವುದು ಇದ್ದೇ ಇತ್ತು, ಅದು ಮನುಷ್ಯರ ಕೈವಾಡ. ವ್ಯವಸ್ಥೆಯನ್ನು ಮಾಡಿಟ್ಟವರು ಮಾತ್ರ ಯೋಚಿಸಿಯೇ ಮಾಡಿದ್ದರು.

ಕಂಪ್ಯೂಟರ್ ಈ ವ್ಯವಸ್ಥೆಯಲ್ಲಿ ಅರ್ಧವನ್ನಷ್ಟೇ ತೆಗೆದುಕೊಂಡಿತು: ಕಪಾಟು ಬಂತು, ರಿಜಿಸ್ಟರ್ ಬರಲಿಲ್ಲ. 1981ರಲ್ಲಿ ಜೆರಾಕ್ಸ್ ಕಂಪನಿಯ ‘ಸ್ಟಾರ್’ ಯಂತ್ರ ಪರದೆಯ ಮೇಲೆ ಫೋಲ್ಡರಿನ, ಫೈಲ್ ಕಪಾಟಿನ ಚಿತ್ರಗಳನ್ನು ತಂದಿತು. ಫೈಲಿಗೆ ಹೆಸರಿಡಲು ಹಳೆಯ ಕಂಪ್ಯೂಟರುಗಳ ಡಾಸ್‌ನಲ್ಲಿ ಎಂಟೇ ಅಕ್ಷರ, ಚುಕ್ಕಿಯಾದ ಮೇಲೆ ಮೂರು. ವಿಂಡೋಸ್ 95 ಬಂದು 255 ಅಕ್ಷರ ಕೊಟ್ಟಿತು. ಅಷ್ಟು ಜಾಗದಲ್ಲಿ ನಾವು ಬರೆದದ್ದು ‘ಫೈನಲ್’ ಎಂದು!

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಪತ್ರ ಚೆನ್ನಾಗಿಯೇ ಮೂಡುತ್ತಿತ್ತು. ಅದೇ ಫಾಂಟಿನಲ್ಲಿ ಫೈಲಿಗೆ ಹೆಸರಿಟ್ಟರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಒಳಗೆ ಕನ್ನಡ, ಹೊರಗೆ ಇಂಗ್ಲಿಷ್ ಅಕ್ಷರದಲ್ಲಿ ‘ಅರ್ಜಿ 1’.

ಹಳೆಯ ಕ್ರಮವನ್ನು ಹಾಗೆಯೇ ಉಳಿಸಿಕೊಂಡದ್ದು ಜಮೀನು ದಾಖಲೆಗಳ ‘ಭೂಮಿ’ ಯೋಜನೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿ ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಫೋಲ್ಡರಿನೊಳಗೆ ಫೋಲ್ಡರ್ ಅಂದರೆ ಇದೇ ತಾನೆ? ಶಾನುಭೋಗರಿಗೆ ಇದು ಕಂಪ್ಯೂಟರ್ ಹುಟ್ಟುವ ಮೊದಲೇ ಗೊತ್ತಿತ್ತು.

ಉಪ್ಪಾರಪೇಟೆಯ ಅಂಗಡಿಯವರಿಗೂ ಈಗ ಆಯುಷ್ಯದ ನಿಯಮ ಬಂದಿದೆ. ಜಿಎಸ್‌ಟಿ ನೋಂದಣಿ ಇದ್ದವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಆ ಗಡುವು ಮುಗಿಯುವ ತಾರೀಖನ್ನು ಫೋಲ್ಡರಿನ ಹೆಸರಿನಲ್ಲೇ ಬರೆದಿಟ್ಟ ಅಂಗಡಿ ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.