ಕಾಶಿಯಲ್ಲಿ ಬಿಡಬಾರದ್ದು ಒಂದಿದೆ



ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು ಅಂತ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ? ಕೆಲವರು ಮಾವಿನಹಣ್ಣು ಬಿಡ್ತಾರೆ. ಜಾಣರು ಹಾಗಲಕಾಯಿ ಬಿಟ್ಟು ಬಂದು ನಗ್ತಾರೆ! ಏನು ಬೇಕಾದರೂ ಬಿಡಿ, ಒಂದನ್ನು ಮಾತ್ರ ಬಿಡಬೇಡಿ. ಅದು ನಿಮ್ಮ ಅಕ್ವೇರಿಯಂ ಮೀನು.

ಯಾಕೆ ಅಂತೀರಾ? 2020ರ ಸೆಪ್ಟೆಂಬರ್‌ನಲ್ಲಿ ವಾರಾಣಸಿಯ ರಾಮನಗರದ ಬಳಿ ಗಂಗೆಯಲ್ಲಿ ಒಂದು ವಿಚಿತ್ರ ಮೀನು ಸಿಕ್ಕಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಅದನ್ನು ಸಕರ್‌ಮೌತ್ ಕ್ಯಾಟ್‌ಫಿಶ್ ಎಂದು ಗುರುತಿಸಿದರು. ಅದರ ತವರು ದಕ್ಷಿಣ ಅಮೆರಿಕ. ನಮ್ಮ ಅಂಗಡಿಗಳಲ್ಲಿ ‘ಗಾಜು ಕ್ಲೀನ್ ಮಾಡುತ್ತೆ ಸಾರ್’ ಎಂದು ದೊಡ್ಡ ಮೀನಿನ ಜೊತೆಗೆ ಕೊಡುವುದು ಇದೇ ಜಾತಿಯನ್ನು. ಕೊಂಡಾಗ ಎರಡು ಇಂಚು, ಬೆಳೆದಾಗ ಒಂದು ಅಡಿಗೂ ಮೇಲೆ. ಇಂಥ ಮೀನುಗಳು ಭಾರತದ ನದಿ ಕೆರೆಗಳನ್ನು ಸೇರಿರುವುದು ಅಕ್ವೇರಿಯಂ ವ್ಯಾಪಾರದ ದಾರಿಯಿಂದಲೇ.

ಇನ್ನೊಂದು ಉದಾಹರಣೆ ತಿಲಾಪಿಯಾ, ನಮ್ಮ ಮಾರುಕಟ್ಟೆಯ ಜಿಲೇಬಿ ಮೀನು. ಇದು ಸಿಕ್ಲಿಡ್ ಕುಟುಂಬದ್ದು. ಮೊದಲ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ, ಸಾಕಿ ತಿನ್ನಲಿಕ್ಕೆಂದು. ಆಮೇಲೆ ಅದರ ಸೋದರ ನೈಲ್ ತಿಲಾಪಿಯಾ ಬಂತು. ಈಗ ಪ್ರಯಾಗರಾಜ್, ವಾರಾಣಸಿಗಳ ಗಂಗೆಯಲ್ಲಿ ಅದು ಮನೆ ಮಾಡಿದೆ. ರೋಹು, ಕಾಟ್ಲಾಗಳು ಮೊಟ್ಟೆ ಇಟ್ಟು ಹೊರಟುಹೋಗುತ್ತವೆ. ತಿಲಾಪಿಯಾ ತಾಯಿ ಹಾಗಲ್ಲ, ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ. ಮರಿಗಳನ್ನು ಕಾಯುವ ಈ ಗುಣ ಸಿಕ್ಲಿಡ್‌ಗಳಿಗೆಲ್ಲ ಉಂಟು. ನಮಗೆ ಅವು ಇಷ್ಟವಾಗುವುದೂ ಅದಕ್ಕೇ. ಮನೆಯಲ್ಲಿ ಮೆಚ್ಚುವ ಅದೇ ಗುಣ ನದಿಯಲ್ಲಿ ಊರಿನ ಮೀನುಗಳಿಗೆ ಮುಳುವಾಗುತ್ತದೆ.

ಹಾಗಾದರೆ ಪ್ರೀತಿಯಿಂದ ತಂದ ಮೀನನ್ನು ಯಾರಾದರೂ ನದಿಗೆ ಯಾಕೆ ಬಿಡ್ತಾರೆ? ಬಹಳ ಸಲ ಕಾರಣ ಒಂದೇ, ಮೀನು ತೊಟ್ಟಿಯನ್ನು ಮೀರಿ ಬೆಳೆದಿರುತ್ತದೆ. ಆದ್ದರಿಂದ ಗಂಗೆಯನ್ನು ಕಾಯುವ ಕೆಲಸ ಶುರುವಾಗುವುದು ನಮ್ಮ ಬೀದಿಯ ಮೀನಿನ ಅಂಗಡಿಯಲ್ಲಿ. ‘ಇದಕ್ಕೆಷ್ಟು?’ ಎನ್ನುವ ಮೊದಲು ‘ಇದು ಎಷ್ಟು ಬೆಳೆಯುತ್ತೆ?’ ಎಂದು ಕೇಳಿ.

ಆಸ್ಕರ್ ಮೀನನ್ನೇ ನೋಡಿ. ಅಂಗಡಿಯಲ್ಲಿ ಎರಡು ಇಂಚಿನ ಮುದ್ದು ಮರಿ. ಚೆನ್ನಾಗಿ ಸಾಕಿದರೆ ವರ್ಷದೊಳಗೆ ಎಂಟು ಹತ್ತು ಇಂಚು, ಕೊನೆಗೆ ಒಂದು ಅಡಿ. ಹತ್ತು ವರ್ಷವೂ ಬದುಕೀತು. ಒಂದು ಅಡಿ ಉದ್ದದ ಮೀನು ಒಂದು ಅಡಿ ಅಗಲದ ತೊಟ್ಟಿಯಲ್ಲಿ ತಿರುಗುವುದಾದರೂ ಹೇಗೆ ಹೇಳಿ? ‘ತೊಟ್ಟಿ ಎಷ್ಟೋ ಮೀನು ಅಷ್ಟೇ ಬೆಳೆಯುತ್ತೆ’ ಅಂತ ಕೆಲವರು ಸಮಾಧಾನ ಹೇಳ್ತಾರೆ, ನಂಬಬೇಡಿ. ಅಲ್ಲಿ ಬೆಳವಣಿಗೆ ಕುಂಠಿತವಾಗುವುದು ಕೊಳಕು ನೀರಿನಿಂದ. ಅದು ಹೊಂದಾಣಿಕೆಯಲ್ಲ, ಕಾಯಿಲೆ.

ಈಗ ಸ್ವಲ್ಪ ಲೆಕ್ಕ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ.

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಅಂದರೆ ಬರೀ 56 ಲೀಟರ್. ಇದರಲ್ಲಿ ದೊಡ್ಡ ಸಿಕ್ಲಿಡ್ ಮಾತೇ ಬೇಡ. ಸಿಕ್ಲಿಡ್ಡೇ ಬೇಕೆಂದರೆ ನಮ್ಮ ಕರಾವಳಿಯದೇ ಆದ ಆರೆಂಜ್ ಕ್ರೋಮೈಡ್ ಇದೆ. ಮೂರು ಇಂಚಿನ ಚೆಲುವೆ, ಒಂದು ಜೋಡಿ ಸಾಕು.

ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ ಎತ್ತರ ಇದ್ದರೆ ಸುಮಾರು 130 ಲೀಟರ್. ಇಲ್ಲಿ ಫೈರ್‌ಮೌತ್ ಅಥವಾ ಕಾನ್ವಿಕ್ಟ್ ಒಂದು ಜೋಡಿ ಇರಬಹುದು. ಏಂಜೆಲ್ ಮೀನು ಬೇಕಾದರೆ ಎತ್ತರವನ್ನು ಒಂದೂವರೆ ಅಡಿ ಮಾಡಿಸಿ, ಅದರ ರೆಕ್ಕೆಗಳು ಮೇಲಕ್ಕೂ ಕೆಳಕ್ಕೂ ಚಾಚುತ್ತವೆ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಎತ್ತರ ಅಂದರೆ 250 ಲೀಟರ್. ಒಂದು ಆಸ್ಕರ್‌ಗೆ ಇದು ಕನಿಷ್ಠ. ಅಥವಾ ಒಂದು ಫ್ಲವರ್‌ಹಾರ್ನ್. ಹಣೆಯ ಮೇಲೆ ಗುಬ್ಬಿರುವ ಈ ಮಿಶ್ರತಳಿ ಮಹಾ ಜಗಳಗಂಟ, ಅದಕ್ಕೆ ಒಂಟಿ ವಾಸವೇ ಸರಿ. ಶಾಂತ ಸ್ವಭಾವದ್ದು ಬೇಕಿದ್ದರೆ ಎಂಟು ಇಂಚಿನ ಸೆವೆರಂ ಒಳ್ಳೆಯದು.

ಒಂದು ಜೋಡಿ ಆಸ್ಕರ್, ಅಥವಾ ಒಂದಡಿ ಮೀರುವ ಜಾಗ್ವಾರ್ ಸಿಕ್ಲಿಡ್ ಬೇಕೆಂದರೆ ಆರು ಅಡಿ ಉದ್ದ, ಎರಡು ಅಡಿ ಅಗಲ ಎತ್ತರದ ತೊಟ್ಟಿ ಬೇಕು. ಪೀಕಾಕ್ ಬಾಸ್ ಮಾತ್ರ ಫ್ಲ್ಯಾಟಿನಲ್ಲಿ ಬೇಡವೇ ಬೇಡ.

ಇನ್ನು ಮನೆಯ ಕಡೆ ನೋಡಿ. ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ನಾಲ್ಕು ಅಡಿ ತೊಟ್ಟಿ 300 ಕಿಲೋ ದಾಟುತ್ತದೆ. ಅದನ್ನು ಗೋಡೆಗೆ ಒತ್ತಿ, ತೊಲೆಯ ಹತ್ತಿರ ಇಡಿಸಿ. ದೊಡ್ಡ ಮೀನಿನ ಗಲೀಜೂ ದೊಡ್ಡದು. ಫಿಲ್ಟರ್ ಬಲವಾಗಿರಲಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ. ವಾರಕ್ಕೆ ಅರವತ್ತು ಎಪ್ಪತ್ತು ಲೀಟರ್ ನೀರು ನಿಮ್ಮ ಬಿಲ್ಡಿಂಗಿನಲ್ಲಿ ಸಿಗುತ್ತದೆಯೇ? ಟ್ಯಾಂಕರ್ ಕಾಯುವ ಬೇಸಿಗೆಯನ್ನು ನೆನೆದು ಉತ್ತರ ಹೇಳಿ. ಮುಚ್ಚಳವನ್ನೂ ಮರೆಯಬೇಡಿ, ಆಸ್ಕರ್ ಹಾರುತ್ತದೆ.

ಈಗಾಗಲೇ ಮೀನು ತೊಟ್ಟಿ ಮೀರಿ ಬೆಳೆದಿದೆಯೇ? ಕೊಂಡ ಅಂಗಡಿಗೇ ಹಿಂತಿರುಗಿಸಿ. ಹಣ ಬರದಿದ್ದರೂ ಬಹಳ ಅಂಗಡಿಯವರು ಮೀನನ್ನು ಇಟ್ಟುಕೊಳ್ಳುತ್ತಾರೆ. ಇಲ್ಲವೇ ದೊಡ್ಡ ತೊಟ್ಟಿ ಇರುವ ಹವ್ಯಾಸಿಗಳನ್ನು ಹುಡುಕಿ ಕೊಡಿ. ಕೆರೆಗೂ ಬೇಡ, ಮೋರಿಗೂ ಬೇಡ.

‘ಗಂಗೆಗೆ ಬಿಟ್ಟರೆ ಪುಣ್ಯವಲ್ಲವೇ?’ ಎನ್ನುವವರಿದ್ದಾರೆ. ಗಾಜಿನಲ್ಲಿ ಬೆಳೆದ ಮೀನಿಗೆ ಹರಿಯುವ ನೀರು ಗೊತ್ತಿಲ್ಲ, ಬೇಟೆ ಗೊತ್ತಿಲ್ಲ. ಹಲವು ಸಾಯುತ್ತವೆ. ಸಾಯದೆ ಉಳಿದವು ಅಲ್ಲಿನ ಮೀನುಗಳ ಅನ್ನ ಕಸಿಯುತ್ತವೆ, ಅವನ್ನೇ ನಂಬಿದ ಬೆಸ್ತರ ಅನ್ನವನ್ನೂ. ಇದರಲ್ಲಿ ಯಾರಿಗೆ ಪುಣ್ಯ?

ಮುಂದಿನ ಸಲ ಕಾಶಿಯ ಕರ್ನಾಟಕ ಘಾಟ್‌ನಲ್ಲಿ ಮುಳುಗು ಹಾಕುವಾಗ, ಜಂಗಮವಾಡಿ ಮಠದಲ್ಲಿ ಪ್ರಸಾದಕ್ಕೆ ಕೂತಾಗ, ಹಾಗಲಕಾಯಿಯನ್ನು ಧಾರಾಳವಾಗಿ ಬಿಟ್ಟು ಬನ್ನಿ. ಮೀನಿನ ವಿಷಯದಲ್ಲಿ ಮಾತ್ರ ಇಲ್ಲೇ, ಕೊಳ್ಳುವ ಮೊದಲೇ, ಒಂದು ಅಳತೆಪಟ್ಟಿ ಹಿಡಿದು ಯೋಚಿಸಿ.