ಫರಸಿ, ಕರಿಕಲ್ಲು, ಕೆಂಪುಕಲ್ಲು

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವನು. ಕಲ್ಲಿನ ಹುಚ್ಚು ಮಾತ್ರ ಈ ಶಾಲೆಯಲ್ಲೇ ಹಿಡಿದದ್ದು.

ಕಣಶಿಲೆ ನೋಡಬೇಕಾದರೆ ನಮ್ಮ ಮನೆಗಳಿಗೆ ಹಾಸಿದ ಶಹಾಬಾದ್ ಫರಸಿ ನೋಡಿ. ಹಳೆಯ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಅದು. ಅದಕ್ಕೇ ಹಲಗೆಯಂತೆ ಸೀಳುತ್ತದೆ. ಪ್ರಯೋಗಾಲಯದ ತೆಳು ಆಮ್ಲ ಒಂದು ಹನಿ ಬಿಟ್ಟರೆ ನೊರೆ ಬರುತ್ತದೆ, ಸರ್ ಜೊತೆಗಿದ್ದಾಗ ಮಾಡಿ.

ಭಾಲ್ಕಿ, ಔರಾದ್ ಹೊಲಗಳ ಕರಿಕಲ್ಲಿಗೆ ಹಾಗೆ ನೊರೆ ಬರೋದಿಲ್ಲ. ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಂಡರೂ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ.

ಬೀದರಿನ ಕೆಂಪು ಜಂಬಿಟ್ಟಿಗೆಯೂ ಕಣಶಿಲೆಯಲ್ಲ. ಕರಿಕಲ್ಲೇ ಮಳೆ, ಬಿಸಿಲಿಗೆ ಇದ್ದಲ್ಲೇ ಕೊಳೆತು, ಕಬ್ಬಿಣದ ಅಂಶ ಉಳಿದದ್ದು. ಅದರ ತೂತುಗಳಲ್ಲಿ ಇಳಿದ ಮಳೆನೀರು ಕೆಳಗಿನ ಜೇಡಿಯ ಮೇಲೆ ನಿಂತು ಪಕ್ಕಕ್ಕೆ ಜಿನುಗುತ್ತದೆ. ಬಹಮನಿಗಳ ಕಾಲದವರು ಈ ಗುಟ್ಟು ತಿಳಿದೇ ನೌಬಾದಿನಲ್ಲಿ ಕಾರೇಜ್ ಸುರಂಗ ಕೊರೆದರು. ಬೋರ್‌ವೆಲ್‌ಗೆ ಸಾಲ ಮಾಡುವ ನಾವು ಅದರ ಗಾಳಿಬಾವಿಗಳಿಗೆ ಕಸ ಸುರಿಯುತ್ತೇವೆ. ನೌಬಾದ್ ಕಡೆಯ ಗೆಳೆಯರೇ, ಮೊದಲು ಅದನ್ನು ನಿಲ್ಲಿಸೋಣ.